ಫೆಬ್ರವರಿ 29ರ ಬಾಕಿ ಮತ್ತು ಕೋವಿಡ್ ಕಾಲದ ಖಾತರಿ ಸಾಲ

2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 3 ಲಕ್ಷ ಕೋಟಿ ರೂಪಾಯಿಯ ತುರ್ತು ಸಾಲ ಖಾತರಿ ಯೋಜನೆ ಘೋಷಿಸಿದಾಗ ಅದನ್ನು ಸಹಾಯಧನ ಎಂದುಕೊಂಡ ಸಣ್ಣ ಉದ್ಯಮಿಗಳಿದ್ದರು. ಸರ್ಕಾರ ಕೊಟ್ಟದ್ದು ದುಡ್ಡಲ್ಲ, ಜಾಮೀನು, ಅದೂ ಬ್ಯಾಂಕಿಗೆ. ಸಾಲ ಮುಳುಗಿದರೆ ಎನ್‌ಸಿಜಿಟಿಸಿ ಎಂಬ ಸರ್ಕಾರಿ ಸಂಸ್ಥೆ ಬ್ಯಾಂಕಿನ ನಷ್ಟ ತುಂಬುತ್ತದೆ. ಆದರೂ ಸಾಲಗಾರನ ಹೊಣೆ ತೀರುವುದಿಲ್ಲ, ಸಾಲ ಮರುಪಾವತಿಯ ದಾಖಲೆ ಅಳೆಯುವ ಸಿಬಿಲ್ ಅಂಕವೂ ಕೆಡುತ್ತದೆ.

ಲೆಕ್ಕ ಹೀಗಿತ್ತು. 2020ರ ಫೆಬ್ರವರಿ 29ರಂದು ಇದ್ದ ಸಾಲದ ಬಾಕಿಯ ಶೇ. 20ರಷ್ಟು ಹೊಸ ಸಾಲ. ಬಾಕಿ 50 ಲಕ್ಷವಿದ್ದರೆ 10 ಲಕ್ಷ. ಬ್ಯಾಂಕುಗಳಿಗೆ ಬಡ್ಡಿಯ ಮಿತಿ ಶೇ. 9.25, ಬ್ಯಾಂಕೇತರ ಸಂಸ್ಥೆಗಳಿಗೆ ಶೇ. 14. ಅವಧಿ 4 ವರ್ಷ. ಮೊದಲ 12 ತಿಂಗಳು ಅಸಲು ಕಟ್ಟಬೇಕಿಲ್ಲ, ಆದರೆ ಬಡ್ಡಿ ಕಟ್ಟಲೇಬೇಕು: 10 ಲಕ್ಷಕ್ಕೆ ಶೇ. 9.25ರಂತೆ ತಿಂಗಳಿಗೆ ಸುಮಾರು 7,700 ರೂಪಾಯಿ. 13ನೇ ತಿಂಗಳಿಂದ ಕಂತು ಒಮ್ಮೆಲೇ 31,900ರ ಆಸುಪಾಸಿಗೆ ಏರುತ್ತದೆ. ಹಳೆಯ ಸಾಲದ ಕಂತು ಬೇರೆ.

ಪೆಟ್ಟು ಬಿದ್ದದ್ದು ಇಲ್ಲೇ. 2020ರ ಮಧ್ಯದಲ್ಲಿ ಸಾಲ ಎತ್ತಿದವರಿಗೆ ಅಸಲಿನ ಕಂತು ಶುರುವಾಗುವ ಹೊತ್ತಿಗೆ ಎರಡನೇ ಅಲೆ ಬಂದು ಅಂಗಡಿ, ಕಾರ್ಖಾನೆ ಮತ್ತೆ ಮುಚ್ಚಿದ್ದವು. 2021ರ ಮೇ ಕೊನೆಯಲ್ಲಿ ಸರ್ಕಾರ ಅವಧಿಯನ್ನು 5 ವರ್ಷಕ್ಕೆ ವಿಸ್ತರಿಸಿ, ಮೊದಲ 24 ತಿಂಗಳು ಬಡ್ಡಿ ಮಾತ್ರ ಕಟ್ಟಲು ಬಿಟ್ಟಿತು. ಅದು ಎಲ್ಲರಿಗೂ ತಾನಾಗಿ ಸಿಗುವಂಥದ್ದಲ್ಲ, ಸಾಲ ಮರುಹೊಂದಾಣಿಕೆಗೆ (ಕಂತು, ಅವಧಿ ಬದಲಿಸಿಕೊಳ್ಳಲು) ಅರ್ಹರಾದವರಿಗೆ ಮಾತ್ರ.

ನನ್ನ ದೊಡ್ಡ ತಕರಾರು ಆ ಫೆಬ್ರವರಿ 29ರ ಬಗ್ಗೆ. ಆ ದಿನಕ್ಕೆ ಮೊದಲೇ ಸಾಲದ ಖಾತೆಗೆ ಹಣ ತುಂಬಿ ಬಾಕಿ ಇಳಿಸಿಕೊಂಡಿದ್ದ ಶಿಸ್ತಿನ ಉದ್ಯಮಿಗೆ ಕಡಿಮೆ ಸಾಲ. ಬ್ಯಾಂಕು ಕೊಟ್ಟ ಸಾಲದ ಮಿತಿಯನ್ನು ತುದಿಯವರೆಗೆ ಬಳಸಿದವನಿಗೆ ಹೆಚ್ಚು. ಬ್ಯಾಂಕು ದುಡ್ಡು ಕೊಡದೆ ಉದ್ಯಮಿಯ ಪರವಾಗಿ ಬರೆದುಕೊಡುವ ಬ್ಯಾಂಕ್ ಗ್ಯಾರಂಟಿ, ಎಲ್‌ಸಿ (ಪಾವತಿ ಭರವಸೆ ಪತ್ರ)ಯಂಥವು ಲೆಕ್ಕಕ್ಕೇ ಬರಲಿಲ್ಲ. ಬ್ಯಾಂಕಿನ ಸಾಲವೇ ಇಲ್ಲದೆ ಸ್ವಂತ ದುಡ್ಡಿನಲ್ಲಿ, ಕೈಸಾಲದಲ್ಲಿ ಜಾಬ್‌ವರ್ಕ್ (ಬೇರೆ ಕಂಪನಿಗೆ ಕೂಲಿಯ ಮೇಲೆ ಕೆಲಸ) ಮಾಡುತ್ತಿದ್ದ ಘಟಕಕ್ಕೆ ಶೇ. 20 ಎಂದರೆ ಸೊನ್ನೆ.

ಯೋಜನೆ ಕೆಲಸ ಮಾಡಲಿಲ್ಲ ಎನ್ನಲಾರೆ. ಖಾತರಿಯ ಒಟ್ಟು ಮಿತಿ 3 ಲಕ್ಷ ಕೋಟಿಯಿಂದ 5 ಲಕ್ಷ ಕೋಟಿಗೆ ಏರಿತು. 2023ರ ಮಾರ್ಚ್ 31ಕ್ಕೆ ಮುಗಿಯುವಾಗ 1 ಕೋಟಿಗೂ ಹೆಚ್ಚು ಸಾಲಗಾರರಿಗೆ ಖಾತರಿ ಸಿಕ್ಕಿತ್ತು. ಹೊಸ ಅಡಮಾನ ಕೇಳುವಂತಿರಲಿಲ್ಲ, ಖಾತರಿ ಶುಲ್ಕವೂ ಇರಲಿಲ್ಲ. ಆದರೆ ಹಳೆಯ ಅಡಮಾನದ ಮೇಲೆ ಬ್ಯಾಂಕು ಎರಡನೇ ಹಕ್ಕು, ಅಂದರೆ ಹಳೆಯ ಸಾಲದ ನಂತರ ಈ ಸಾಲಕ್ಕೂ ಅದೇ ಆಸ್ತಿಯಿಂದ ವಸೂಲು ಮಾಡುವ ಹಕ್ಕು, ಬರೆಸಿಕೊಳ್ಳುತ್ತಿತ್ತು. ಆಗ ಸಾಲ ಪಡೆದವರು ಕಡೆಯ ಕಂತು ಕಟ್ಟಿದ್ದರೆ ಸಾಲ ಬಾಕಿಯಿಲ್ಲ ಎನ್ನುವ ನೋ ಡ್ಯೂ ಪತ್ರದ ಜೊತೆಗೆ ಆ ಎರಡನೇ ಹಕ್ಕು ತೆಗೆದದ್ದನ್ನೂ ಬರವಣಿಗೆಯಲ್ಲಿ ಪಡೆಯಿರಿ. ಅದು ಉಳಿದಿದ್ದರೆ ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸುವಾಗ ಕಡತ ಅಲ್ಲೇ ನಿಲ್ಲುತ್ತದೆ.