ದೇಶಕ್ಕೆ ಆಡಲೇಬೇಕಾ?

2022ರ ಆಗಸ್ಟ್‌ನಲ್ಲಿ ನ್ಯೂಜಿಲೆಂಡ್‌ನ ವೇಗದ ಬೌಲರ್ ಟ್ರೆಂಟ್ ಬೌಲ್ಟ್ ತಮ್ಮ ದೇಶದ ಕ್ರಿಕೆಟ್ ಮಂಡಳಿಯ ಗುತ್ತಿಗೆ ಬಿಟ್ಟಾಗ ನಮ್ಮ ಆಫೀಸಿನಲ್ಲಿ 'ದುಡ್ಡಿನ ಆಸೆ' ಅಂತ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಟ್ಟರು. ಐಪಿಎಲ್‌ನಂಥ ಟಿ20 ಲೀಗ್‌ಗಳಲ್ಲಿ ದುಡ್ಡು ಜಾಸ್ತಿ, ನಿಜ. ಆದರೆ ಅಷ್ಟೇನಾ? 78 ಟೆಸ್ಟ್, 317 ವಿಕೆಟ್. ಮನೆಯಲ್ಲಿ ಮೂವರು ಪುಟ್ಟ ಗಂಡುಮಕ್ಕಳು. ಮೂವತ್ತಮೂರು ದಾಟಿದ ವೇಗದ ಬೌಲರ್‌ನ ಬೆನ್ನು ಇನ್ನೆಷ್ಟು ವರ್ಷ ತಡೆದೀತು?

ನನಗೆ ಹಿಡಿಸಿದ್ದು ಮಂಡಳಿಯ ರೀತಿ. ಮುನಿಸಿಕೊಳ್ಳಲಿಲ್ಲ. ಆಯ್ಕೆಯಲ್ಲಿ ಗುತ್ತಿಗೆ ಇರುವವರಿಗೇ ಮೊದಲ ಮಣೆ ಅಂತ ನೇರವಾಗಿ ಹೇಳಿ, ಅವರನ್ನು ಬಿಟ್ಟುಕೊಟ್ಟಿತು. ಆಮೇಲೂ ಬೌಲ್ಟ್ 2023ರ ವಿಶ್ವಕಪ್ ಆಡಿದರು! ತೀರ್ಪು ಕೊಟ್ಟವರಲ್ಲಿ ಇಬ್ಬರು ಆಗಲೇ ಜಾಸ್ತಿ ಸಂಬಳಕ್ಕೆ ಬೇರೆ ಕಂಪನಿ ಸೇರಿದ್ದಾರೆ. ಕಂಪನಿ ಬೇರೆ, ದೇಶ ಬೇರೆ, ಒಪ್ಪಿದೆ. ಆದರೂ ಮನಸ್ಸಿಲ್ಲದವನನ್ನು ಸುಮ್ನೆ ಎಳೆದು ತಂದು ಕೈಗೆ ಹೊಸ ಚೆಂಡು ಕೊಟ್ಟರೆ ಯಾರಿಗೆ ಲಾಭ ಹೇಳಿ?