ಹನೋಯ್‌ನಲ್ಲಿ ನಡೆದಾಡುವವರು ರಸ್ತೆ ದಾಟುವ ಬಗೆ

ಹನೋಯ್‌ನ ಹಳೇ ಪೇಟೆಯನ್ನು ನಡೆದೇ ನೋಡಬೇಕು. ಆದರೆ ಅಲ್ಲಿ ಬೈಕುಗಳ ಸಾಲು ಕಡಿಯುವುದೇ ಅಪರೂಪ. ರಸ್ತೆ ಖಾಲಿಯಾಗಲಿ, ಆಮೇಲೆ ದಾಟೋಣ ಎಂದು ಕಾದರೆ ನಿಂತಲ್ಲೇ ನಿಂತಿರಬೇಕಾಗುತ್ತದೆ.

ಮೊದಲು ಸರಿಯಾಗಬೇಕಾದ್ದು ಕಣ್ಣಿನ ಅಭ್ಯಾಸ. ವಿಯೆಟ್ನಾಂನಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ಫುಟ್‌ಪಾತಿನಿಂದ ಇಳಿದೊಡನೆ ಎದುರಾಗುವ ವಾಹನ ಎಡಗಡೆಯಿಂದ ಬರುತ್ತದೆ, ನಡುರಸ್ತೆ ದಾಟಿದ ಮೇಲೆ ಬಲಗಡೆಯಿಂದ. ನಮ್ಮ ಕತ್ತು ರೂಢಿಯಿಂದ ಮೊದಲು ಬಲಕ್ಕೇ ತಿರುಗುತ್ತದೆ, ಅಪಾಯ ಇರುವುದು ಅಲ್ಲೇ. ಏಕಮುಖ ರಸ್ತೆಯಾದರೂ ಎರಡೂ ಕಡೆ ನೋಡಿ, ಅಂಚು ಹಿಡಿದು ಎದುರುದಿಕ್ಕಿನಲ್ಲಿ ಬರುವ ಬೈಕುಗಳು ಇದ್ದೇ ಇರುತ್ತವೆ.

ಇನ್ನು ದಾಟುವುದು. ಕಾರು, ಬಸ್ಸು ಯಾವುದೂ ಹತ್ತಿರ ಇಲ್ಲದೆ ಬರೀ ಬೈಕುಗಳಿರುವ ಹೊತ್ತು ನೋಡಿ ಇಳಿಯಿರಿ. ಕೈಯನ್ನು ಸ್ವಲ್ಪ ಮೇಲೆತ್ತಿ, ಸವಾರರ ಕಡೆ ನೋಡುತ್ತಾ, ನಿಧಾನವಾಗಿ ಒಂದೇ ವೇಗದಲ್ಲಿ ಹೆಜ್ಜೆ ಹಾಕಿ. ಮುಂದಿನ ಕ್ಷಣ ನೀವು ಎಲ್ಲಿರುತ್ತೀರಿ ಎಂದು ಸವಾರ ದೂರದಿಂದಲೇ ಅಂದಾಜು ಮಾಡಿ, ನಿಮ್ಮ ಮುಂದಿನಿಂದಲೋ ಹಿಂದಿನಿಂದಲೋ ಸುತ್ತಿಕೊಂಡು ಹೋಗುತ್ತಾನೆ. ಹೆದರಿ ಓಡಿದರೆ, ಗಕ್ಕನೆ ನಿಂತರೆ ಆ ಅಂದಾಜು ತಪ್ಪುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಹಿಂದಕ್ಕೆ ಹೆಜ್ಜೆ ಇಡುವುದು, ಏಕೆಂದರೆ ನಿಮ್ಮ ಬೆನ್ನ ಹಿಂದಿನ ಜಾಗಕ್ಕೆ ಆಗಲೇ ಒಂದು ಬೈಕ್ ನುಗ್ಗಿರುತ್ತದೆ. ಕಾರು, ಬಸ್ಸಿನ ಮುಂದೆ ಮಾತ್ರ ಈ ಲೆಕ್ಕ ನಡೆಯದು. ಅವಕ್ಕೆ ಪಕ್ಕಕ್ಕೆ ಸರಿಯಲು ಜಾಗವೇ ಇರುವುದಿಲ್ಲ, ಅವು ಹೋಗಲಿ ಬಿಡಿ. ಮಳೆ ಬಂದಾಗ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ, ಇನ್ನೂ ದೊಡ್ಡ ಅಂತರ ಸಿಗುವವರೆಗೆ ಕಾಯಿರಿ.

ಕುಟುಂಬದ ಜೊತೆ ಹೋದಾಗ ಒಬ್ಬರ ಹಿಂದೆ ಒಬ್ಬರು ಸಾಲಾಗಿ ದಾಟಬೇಡಿ. ಸಾಲು ಉದ್ದವಾದಷ್ಟೂ ಸವಾರರಿಗೆ ದಾರಿ ಅಡ್ಡವಾಗುತ್ತದೆ, ಅವರು ನಡುವೆ ನುಸುಳುತ್ತಾರೆ. ಅಕ್ಕಪಕ್ಕದಲ್ಲಿ ಒತ್ತಾಗಿ ನಡೆಯಿರಿ. ಮಕ್ಕಳು, ವಯಸ್ಸಾದವರು ನಡುವೆ ಇರಲಿ, ಗಟ್ಟಿ ಇರುವವರು ಎರಡೂ ತುದಿಗೆ. ಫೋನ್ ಜೇಬಿನಲ್ಲಿರಲಿ.

ಜೀಬ್ರಾ ಪಟ್ಟಿಯನ್ನು ನಂಬಿ ನಡೆಯಬೇಡಿ, ಅಲ್ಲಿ ಬೈಕ್ ನಿಲ್ಲುತ್ತದೆ ಎನ್ನುವಂತಿಲ್ಲ. ಸಿಗ್ನಲ್ ಇರುವಲ್ಲಿ ಪರಿಸ್ಥಿತಿ ಎಷ್ಟೋ ಮೇಲು. 2025ರ ಜನವರಿಯಿಂದ ಕೆಂಪು ದೀಪ ದಾಟಿದ ಬೈಕ್ ಸವಾರರಿಗೆ 40ರಿಂದ 60 ಲಕ್ಷ ಡಾಂಗ್ ದಂಡವಿದೆ. ಆದರೂ ಹಸಿರು ಬಂದಾಗ ತಿರುಗಿ ಬರುವ ವಾಹನಗಳನ್ನು ನೋಡಿಕೊಂಡೇ ಇಳಿಯಿರಿ. ಸ್ವಲ್ಪ ಸುತ್ತಾದರೂ ಸಿಗ್ನಲ್ ಇರುವ ಕಡೆಯೇ ದಾಟುವುದು ಒಳ್ಳೆಯದು.

ಫುಟ್‌ಪಾತ್ ಮೇಲೆ ನಿಲ್ಲಿಸಿದ ಬೈಕುಗಳು, ತಿಂಡಿ ಅಂಗಡಿಗಳ ಪುಟ್ಟ ಪ್ಲಾಸ್ಟಿಕ್ ಸ್ಟೂಲುಗಳು ತುಂಬಿರುತ್ತವೆ, ಹಲವು ಕಡೆ ರಸ್ತೆಗೆ ಇಳಿಯಲೇಬೇಕು. ಆಗ ಎದುರಿನಿಂದ ವಾಹನ ಬರುವ ಬದಿಯನ್ನೇ ಹಿಡಿಯಿರಿ, ಬರುವುದು ಕಣ್ಣಿಗೆ ಕಾಣುತ್ತದೆ. ಎಲೆಕ್ಟ್ರಿಕ್ ಸ್ಕೂಟರ್ ಬಂದದ್ದು ಕಿವಿಗೆ ಗೊತ್ತಾಗುವುದಿಲ್ಲ, ಇಯರ್‌ಫೋನ್ ತೆಗೆದಿಡಿ. ಹಿಂದಿನಿಂದ ಹಾರ್ನ್ ಕೇಳಿದರೆ ಪಕ್ಕಕ್ಕೆ ಜಿಗಿಯಬೇಡಿ, ‘ನಾನು ಬರುತ್ತಿದ್ದೇನೆ’ ಎನ್ನುವುದಷ್ಟೇ ಅದರ ಅರ್ಥ.

ಪುಟ್ಟ ಮಕ್ಕಳಿದ್ದರೆ ಹೋನ್ ಕಿಯೆಮ್ ಕೆರೆಯ ಸುತ್ತಾಟವನ್ನು ವಾರಾಂತ್ಯಕ್ಕೆ ಇಟ್ಟುಕೊಳ್ಳಿ. ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿಯವರೆಗೆ ಅಲ್ಲಿನ ರಸ್ತೆಗಳು ನಡೆಯುವವರಿಗೇ ಮೀಸಲು. ಹೋಟೆಲಿನ ವಿಳಾಸದ ಚೀಟಿಯ ಹಿಂದೆ ಆಂಬುಲೆನ್ಸ್ 115, ಪೊಲೀಸ್ 113 ಎಂದು ಬರೆದು ಪ್ರತಿಯೊಬ್ಬರ ಜೇಬಿನಲ್ಲೂ ಇಡಿ.