ಹೆಡ್‌ಲೈಟ್ ತಿಕ್ಕಿದ ಐತವಾರ

ಪಂಚಮಿ ಮುಗಿಸ್ಕೊಂಡು ಧಾರವಾಡದಿಂದ ವಾಸ್ಕೋಕ್ಕ ವಾಪಸ್ ಹೊಂಟಿದ್ವಿ, ಅಪ್ಪ ಮುಂದಿನ ಸೀಟಿನ್ಯಾಗ, ಹಿಂದ ನನ್ನ ಹೆಂಡ್ತಿ, ಮಗಳು, ಮತ್ತ ಅವ್ವ ಕಟ್ಟಿ ಕೊಟ್ಟ ಉಂಡಿ ಡಬ್ಬಿ. ಅಳ್ನಾವರ ದಾಟೂದ್ರಾಗ ಕತ್ತಲಿ ಆತು, ರಾಮನಗರದಾಗ ಚಾ ಕುಡದ್ವಿ, ಅಲ್ಲಿಂದ ಅನಮೋಡ ಮುಟ್ಟಿದಾಗ ಜಿಟಿಜಿಟಿ ಮಳಿ, ಮ್ಯಾಲ ಮಂಜು, ಮುಂದಿನ ಲಾರಿಯ ಕೆಂಪು ದೀಪ ಬಿಟ್ರ ಏನೂ ಕಾಣವಲ್ದಾಗಿತ್ತು. ಘಟ್ಟ ಇಳ್ಯಾಕ ಶುರು ಮಾಡಿ ನಾಕೈದು ತಿರುವು ಆಗಿರಬೇಕು, ಎಡಗಡೆ ರಸ್ತೆ ಅಂಚಿಗೆ ಕಪ್ಪಂದು ಏನೋ ಇದ್ದಂಗ ಅನಸ್ತು, ನಾ ಯಾವುದೋ ಬಂಡಿಗಲ್ಲು ಅಂದ್ಕೊಂಡೆ, ಅಷ್ಟರಾಗ ಅಪ್ಪ "ಬ್ರೇಕ್ ಹಾಕು, ಹಾಕು" ಅಂದ್ರು, ಗಾಡಿ ನಿಲ್ಲೂದಕ್ಕೂ ಆ ಕಲ್ಲು ತಲಿ ಎತ್ತಿ ನಮ್ಮ ಕಡೆ ನೋಡೂದಕ್ಕೂ ಸರಿ ಹೋತು. ಕಾಡುಕೋಣ. ಗೋವಾದ ರಾಜ್ಯ ಪ್ರಾಣಿ ಅದು, ಮೊಲೆಂ ಕಾಡಿನ್ಯಾಗ ಬೇಕಾದಷ್ಟದಾವ, ಆದ್ರ ಅಷ್ಟು ಹತ್ತಿರ ನಾ ಎಂದೂ ನೋಡಿರಲಿಲ್ಲ. ಅದು ಆರಾಮ್ಸೆ ರಸ್ತೆ ದಾಟಿ ಕೆಳಗ ಇಳೀತು. ಮಗಳು ಮಲಗಿದ್ಲು, ಅದೊಂದು ಛಲೋ ಆತು.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮ್ಯಾಲ ಅಂದ್ರು, "ತಮ್ಮಾ, ಅದು ನನಗ ಎದುರಿನ ಟ್ರಕ್ಕಿನ ಬೆಳಕಿನ್ಯಾಗ ಕಂಡ್ತು. ನಿನ್ನ ಗಾಡಿ ಬೆಳಕಿನ್ಯಾಗ ಅಲ್ಲ."

ಮೂವತ್ತು ವರ್ಷ ಬಸ್ ಓಡಿಸಿದ ಮನಷಾ, ಅದರಾಗ ಎಷ್ಟೋ ವರ್ಷ ಇದ ಘಟ್ಟದಾಗ ರಾತ್ರಿ ಡ್ಯೂಟಿ. ಅವರು ಹಂಗಂದ್ರ ನನಗ ಎದಿಗೆ ನಾಟ್ತು. ಕೆಳಗ ಮೊಲೆಂದಾಗ ಅಂಗಡಿ ಮುಂದ ಗಾಡಿ ನಿಲ್ಲಿಸಿ, ದೀಪ ಹಚ್ಚಿ, ಇಳದು ಮುಂದ ಹೋಗಿ ನೋಡಿದ್ವಿ. ಬಲ್ಬ್ ಎರಡೂ ಉರೀತಿದ್ವು, ಆದ್ರ ಬೆಳಕು ಹೊರಗ ಬರೂದಕ್ಕಿಂತ ಆ ಹಳದಿ ಪೊರಿಯೊಳಗ ಹರಡಿ ಲಾಟೀನಿನ ಮಸಿ ಹಿಡಿದ ಬುರುಡಿ ಹಂಗ ಕಾಣ್ತಿತ್ತು. ಅಪ್ಪ ಉಗುರಲೆ ಕೆರದ್ರು, ಬೆಳ್ಳನ ಪುಡಿ ಬಂತು. "ಇದು ಗಾಜಲ್ಲೇನೋ?" ಅಂದ್ರು. ಅವರ ಕಾಲದ ಬಸ್ಸಿಗೆ ಗಾಜಿಂದ ಇರ್ತಿತ್ತು, ಕಲ್ಲು ಬಡದ್ರ ಒಡೀತಿತ್ತು, ಹಳದಿ ಮಾತ್ರ ಎಂದೂ ಆಗ್ತಿರಲಿಲ್ಲ.

ನನ್ನ ಗಾಡಿ 2012ರದ್ದು. ಹೊಸದಿದ್ದಾಗ ಹೆಂಗಿತ್ತು ಅಂತ ನೆನಪು ಮಾಡ್ಕೊಳ್ಳಾಕ ಹಳೇ ಫೋಟೋ ತಗದ್ ನೋಡಬೇಕಾತು, ನೋಡಿದ್ರ ಅದರಾಗ ಒಳಗಿನ ರಿಫ್ಲೆಕ್ಟರ್ ಕನ್ನಡಿ ಹಂಗ ಹೊಳ್ಯಾಕತ್ತಿತ್ತು. ದಿನಾ ನೋಡೋ ವಸ್ತು ದಿನಾ ಒಂದು ಎಳ್ಳಿನಷ್ಟು ಮಂಕಾದ್ರ ನಮಗ ಗೊತ್ತ ಆಗಂಗಿಲ್ಲ. ರಾತ್ರಿ ಯಾಕೋ ಕಾಣವಲ್ದು ಅನಸ್ದಾಗೆಲ್ಲ ನಾ ರಸ್ತೆಗೆ ಬೈದೀನಿ, ಮಳಿಗೆ ಬೈದೀನಿ, ಎದುರಿನವರ ಹೈಬೀಮಿಗೆ ಬೈದೀನಿ, ನನ್ನ ದೀಪದ ಮ್ಯಾಲ ಒಮ್ಮೆನೂ ಸಂಶಯ ಪಡಲಿಲ್ಲ.

ಇದು ಯಾಕ ಆಗ್ತೈತಿ ಅಂತ ಆಮ್ಯಾಲ ಕುಂತು ಓದಿದೆ. ಈಗಿನ ಹೆಡ್‌ಲೈಟಿನ ಮುಖ ಪಾಲಿಕಾರ್ಬೊನೇಟ್ ಅನ್ನೋ ಪ್ಲಾಸ್ಟಿಕ್. ಗಾಜಿಗಿಂತ ಭಾಳ ಹಗುರ, ಕಲ್ಲು ಬಡದ್ರ ಚೂರಾಗಂಗಿಲ್ಲ, ಬೇಕಾದ ಆಕಾರಕ್ಕ ಅಚ್ಚು ಹೊಡೀಬಹುದು. ಆದ್ರ ಎರಡು ಕೊರತಿ ಅದಾವ, ಬಲೇ ಲಗೂನ ಗೀರು ಬೀಳ್ತೈತಿ ಮತ್ತ ಬಿಸಿಲಿನ ಯುವಿ ಕಿರಣಕ್ಕ ಹಳದಿ ಆಗ್ತೈತಿ. ಅದಕ್ಕ ಫ್ಯಾಕ್ಟರಿಯೊಳಗ ಮ್ಯಾಲೊಂದು ಗಟ್ಟಿ ಕೋಟಿಂಗ್ ಕೊಟ್ಟಿರ್ತಾರ, ಕೂದಲಿಗಿಂತ ಎಷ್ಟೋ ಪಟ್ಟು ತೆಳ್ಳಗ. ಆ ಕೋಟಿಂಗ್ ಇರೋ ತನಕ ಎಲ್ಲಾ ಛಲೋ, ಅದು ವರ್ಷಗಟ್ಲೆ ಬಿಸಿಲು ತಿಂದು ಸವದು ಅಲ್ಲಲ್ಲಿ ಎದ್ದು ಬರಾಕ ಶುರು ಆತಂದ್ರ ಒಳಗಿನ ಪ್ಲಾಸ್ಟಿಕ್ ಬತ್ತಲಿ. ವಾಸ್ಕೋದಾಗ ಎಲ್ಲಾರೂ ಸಮುದ್ರದ ಉಪ್ಪುಗಾಳಿಗೆ ದೂರು ಹೇಳ್ತಾರ, ಉಪ್ಪು ಕಬ್ಬಿಣ ತಿಂತೈತಿ ಖರೆ, ಹೆಡ್‌ಲೈಟ್ ಹಳದಿ ಮಾಡೂದು ಬಿಸಿಲ. ನಮ್ಮ ಗಾಡಿನ ಸಾಕ್ಷಿ: ಎರಡೂ ಲೈಟಿನ ಮ್ಯಾಲಿನ ಅರ್ಧ ಹಳದಿ ಹೆಚ್ಚು, ಕೆಳಗಿನ ಅರ್ಧ ಕಡಿಮಿ, ಮತ್ತ ಬಿಲ್ಡಿಂಗಿನ ನೆರಳು ಬೀಳದ ಎಡಗಡಿದು ಬಲಗಡಿಗಿಂತ ಕೆಟ್ಟದಾಗಿ ಹೋಗಿತ್ತು.

ಎರಡು ವರ್ಷದ ಹಿಂದ ಒಮ್ಮೆ, ಬರೇ ಅಂದಕ್ಕಂತ, ಟೂತ್‌ಪೇಸ್ಟಲೆ ತಿಕ್ಕಿದ್ದೆ. ಅವತ್ತು ಫಳಫಳ ಅಂತು, ಎರಡು ತಿಂಗಳಿಗೆ ಮೊದಲಿಗಿಂತ ಮಂಕಾತು. ಅದರ ಹಿಂದ ರಸ್ತೆ ಬದಿ ಒಬ್ಬ ಮಷಿನ್ ಹಚ್ಚಿ ಪಾಲಿಶ್ ಮಾಡಿ, ಏನೋ ಎಣ್ಣಿ ಒರಸಿ ರೊಕ್ಕ ತಗೊಂಡಿದ್ದ, ಅದೂ ಹಂಗ ಆತು. ಕಾರಣ ಈಗ ತಿಳೀತು. ತಿಕ್ಕಿದಾಗ ಹಳದಿ ಜೊತಿಗೆ ಅಲ್ಪ ಸ್ವಲ್ಪ ಉಳದಿದ್ದ ಕೋಟಿಂಗೂ ಹೋಗಿರ್ತೈತಿ, ಅದರ ಜಾಗದಾಗ ಹೊಸದು ಕೊಡದ ಬಿಟ್ರ ಅಂಗಿ ತಗದು ಬಿಸಿಲಿಗೆ ನಿಲ್ಲಿಸಿದಂಗ. ಕೆಲವು ಕಡೆ ಸಣ್ಣ ಕಪ್‌ನ್ಯಾಗ ಪ್ಲಾಸ್ಟಿಕ್ ಕರಗಿಸೋ ದ್ರಾವಣ ಕಾಸಿ ಅದರ ಹೊಗಿ ಹಿಡಸ್ತಾರ, ಮುಖ ಕರಗಿ ಅವತ್ತಿಗೆ ನುಣ್ಣಗ ಆಗ್ತೈತಿ, ಆದ್ರ ನಮ್ಮ ಆಫೀಸಿನ ಒಬ್ಬರ ಕಾರಿಗೆ ಹಂಗ ಮಾಡಿಸಿದ ಮ್ಯಾಲ ಜೇಡರ ಬಲಿ ಹಂಗ ಸಣ್ಣ ಸಣ್ಣ ಬಿರುಕು ಬಿಟ್ಟಾವ, ಆ ಹೊಗಿನೂ ಉಸಿರಿಗೆ ಭಾಳ ಕೆಟ್ಟದ್ದು. ನಾ ಅದರ ಹತ್ರ ಹೋಗಲಿಲ್ಲ. ಗ್ಯಾರೇಜಿನವ ಒಬ್ಬ 100 ವ್ಯಾಟಿನ ಬಲ್ಬ್ ಹಾಕ್ತೀನಿ ಅಂದ. ನಮ್ಮದು ಹೈಬೀಮಿಗೆ 60, ಲೋಬೀಮಿಗೆ 55 ವ್ಯಾಟಿನ ಎಚ್4 ಬಲ್ಬ್, ಅದರ ವೈರಿಂಗ್ ಅಷ್ಟಕ್ಕ ಮಾಡಿದ್ದು, ಮ್ಯಾಲಾಗಿ ಪೊರಿ ಹಂಗ ಇಟ್ಟು ಬಲ್ಬ್ ಜೋರು ಮಾಡಿದ್ರ ಬೆಳಕು ರಸ್ತಿಗೆ ಹೋಗಂಗಿಲ್ಲ, ಚದುರಿ ಎದುರಿನವನ ಕಣ್ಣಿಗೆ ಹೋಗ್ತೈತಿ. ಹೊಸ ಲೈಟ್ ಜೋಡಿಗೆ ಕೇಳಿದ ರೇಟು ನನ್ನ ಗಾಡಿಗೆ ಜಾಸ್ತಿ ಅನಸ್ತು.

ಮಳಿಗಾಲದಾಗ ಇದನ್ನ ಮಾಡಾಕ ಬರಂಗಿಲ್ಲ, ಹಸಿ ಗಾಳಿಯೊಳಗ ಹೊಡದ ಕೋಟಿಂಗ್ ಬೆಳ್ಳಗ ಮಂಜು ಹಿಡೀತೈತಿ. ಹಂಗಾಗಿ ದೀಪಾವಳಿ ಮುಗಿಯೋ ತನಕ ಕಾದೆ, ಅಲ್ಲೀ ತನಕ ರಾತ್ರಿ ಘಟ್ಟ ಹತ್ತಲಿಲ್ಲ, ಅಪ್ಪನ ಕರ್ಕೊಂಡ್ ಬರಾಕ ಹೋದಾಗೂ ಮುಂಜಾನಿ ಬಿಟ್ಟು ಮಧ್ಯಾಹ್ನ ಮನಿ ಮುಟ್ಟಿದ್ವಿ.

ಶನಿವಾರ ರಾತ್ರಿ ಅಪ್ಪ ಒಂದು ಕೆಲಸ ಮಾಡಿಸಿದ್ರು, ನನಗ ಎಂದೂ ಹೊಳೀತಿರಲಿಲ್ಲ ಅದು. ನಮ್ಮ ಬಿಲ್ಡಿಂಗಿನ ಕಂಪೌಂಡ್ ಗ್ವಾಡಿ ಕೆಂಪು ಕಲ್ಲಿಂದು, ಇಲ್ಲಿ ಚಿರೆ ಅಂತಾರ. ಅದರಿಂದ ಹತ್ತು ಹೆಜ್ಜಿ ದೂರ ಗಾಡಿ ನಿಲ್ಲಿಸಿ ಲೋಬೀಮ್ ಹಚ್ಚಂದ್ರು. ಗ್ವಾಡಿ ಮ್ಯಾಲ ಎರಡು ಹಳದಿ ಮೋಡ, ಎಲ್ಲಿ ಶುರು ಎಲ್ಲಿ ಮುಗೀತು ಗೊತ್ತಿಲ್ಲ. "ಇದಕ್ಕೊಂದು ಗೆರಿ ಇರಬೇಕಿತ್ತು, ಮ್ಯಾಲ ಕತ್ತಲಿ ಕೆಳಗ ಬೆಳಕು, ಎಡಕ್ಕ ಸ್ವಲ್ಪ ಏರಿದ್ದು" ಅಂದ್ರು. ಎಡಕ್ಕ ಏರೂದು ರಸ್ತೆ ಅಂಚು, ಫಲಕ, ನಡ್ಯಾವ್ರು ಕಾಣ್ಲಿ ಅಂತ. ಆ ಕಾಡುಕೋಣ ನಿಂತಿದ್ದೂ ಅಲ್ಲೇ.

ಐತವಾರ ಮುಂಜಾನಿ ಏಳಕ್ಕ ಶುರು ಮಾಡಿದ್ವಿ. ಶಾಂಪೂ ಹಾಕಿ ತೊಳದು, ಒರಸಿ, ಲೈಟಿನ ಸುತ್ತ ಬಣ್ಣಕ್ಕ ಮಾಸ್ಕಿಂಗ್ ಟೇಪ್ ಎರಡು ಸುತ್ತು, ಬಾನೆಟ್ಟಿಗೆ ಹಳೇ ಪೇಪರ್ ಹೊಚ್ಚಿದ್ವಿ. ವಾಟರ್ ಪೇಪರ್, ಅಂದ್ರ ನೀರು ಹಚ್ಚಿ ತಿಕ್ಕೋ ಉಸುಕಿನ ಕಾಗದ, 600, 800, 1000 ನಂಬರಿಂದು ತಂದಿದ್ದೆ, ನಂಬರ್ ಏರಿದಂಗ ಪೇಪರ್ ನುಣ್ಣಗ, ಜೊತಿಗೆ 2000, 3000 ಮತ್ತ ರಬ್ಬಿಂಗ್ ಕಂಪೌಂಡೂ ತಂದಿದ್ದೆ, ಆದ್ರ ನಮ್ಮ ಓಣ್ಯಾಗ ಡೆಂಟಿಂಗ್ ಪೇಂಟಿಂಗ್ ಮಾಡೋ ಗದಗ ಕಡಿ ಹುಡುಗ ಒಬ್ಬ ಅದಾನ, ಅವ ಹಿಂದಿನ ದಿನಾನ ತಿಳಿಸಿ ಹೇಳಿದ್ದ: "ಅಣ್ಣಾ, ಮೇಣದಂಗ ಮ್ಯಾಲ ಸೀಲಂಟ್ ಒರಸೋದಿದ್ರ ಕನ್ನಡಿ ಹಂಗ ಪಾಲಿಶ್ ಮಾಡ್ರಿ. ಲ್ಯಾಕರ್, ಅಂದ್ರ ಬಣ್ಣಿಲ್ಲದ ಗಟ್ಟಿ ಕೋಟಿಂಗ್, ಹೊಡಿಯೋದಿದ್ರ 1000ಕ್ಕ ನಿಲ್ಲಸ್ರಿ, ಅಷ್ಟು ಒರಟು ಇದ್ರನ ಅದು ಹಿಡ್ಕೋತೈತಿ." ಈ ಮಾತು ಗೊತ್ತಿರದಿದ್ರ ನನ್ನ ಅರ್ಧ ದಿನದ ಪಾಲಿಶ್ ಮ್ಯಾಲ ಕೋಟಿಂಗ್ ನಿಲ್ಲತಿರಲಿಲ್ಲ.

ಎಡಗಡೆ ಮೊದಲು. 600 ಪೇಪರ್ ನೀರಿನ್ಯಾಗ ನೆನಸಿಟ್ಟು, ಸ್ಪ್ರೇ ಬಾಟಲಿಯಿಂದ ಅಪ್ಪ ನೀರು ಹೊಡೀತಿದ್ರು, ನಾ ಅಡ್ಡಡ್ಡ ತಿಕ್ಕತಿದ್ದೆ. ಮೊದಲು ಇಳಿಯೋ ನೀರು ಹಳದಿ, ಮಜ್ಜಿಗಿಗೆ ಅರಿಶಿಣ ಹಾಕಿದಂಗ. ಕೈಗೆ ಒಂಥರಾ ತಡೀತಿರ್ತೈತಿ, ಅಲ್ಲಲ್ಲಿ ಜಾರ್ತೈತಿ, ಜಾರೋ ಜಾಗದಾಗ ಹಳೇ ಕೋಟಿಂಗ್ ಇನ್ನೂ ಐತಿ ಅಂತ ಅರ್ಥ. ಇಪ್ಪತ್ತು ನಿಮಿಷಕ್ಕ ನೀರು ಬರೇ ಬೆಳ್ಳಗ ಬರಾಕತ್ತಿತು, ಅಂದ್ರ ಹಳದಿ ಮುಗೀತು. ಆಮ್ಯಾಲ 800, ಈಗ ಮ್ಯಾಲಿಂದ ಕೆಳಗ, ಹಿಂದಿನ ಪೇಪರಿನ ಅಡ್ಡ ಗೀರು ಒಂದೂ ಉಳೀಬಾರದು, ದಿಕ್ಕು ಬದಲಿಸಿದ್ರನ ಅವು ಕಣ್ಣಿಗೆ ಬೀಳ್ತಾವ. ಕಡೀಕ 1000 ಮತ್ತ ಅಡ್ಡಡ್ಡ. ನಾ ಮೂಲಿ ಒಂದನ್ನ ಬಿಟ್ಟು ಮುಂದ ಹೋಗಿದ್ದೆ, ಅಪ್ಪ ಬೆರಳಿಟ್ಟು ತೋರಿಸಿದ್ರು, ಮತ್ತ 600ರಿಂದ ಶುರು.

ಒಣಗಿಸಿದ ಮ್ಯಾಲ ಲೈಟು ನೋಡಿದ್ರ ಪೂರಾ ಹಾಲಿನ ಬಣ್ಣ, ಬಲ್ಬ್ ಸೈತ ಕಾಣವಲ್ದು. ಹೆಂಡ್ತಿ ಬಾಲ್ಕನಿಯಿಂದ ನೋಡಿ "ಇದ್ದದ್ದೂ ಹೋತಲ್ರೀ" ಅಂದ್ಲು. ನನಗೂ ಎದಿ ಡವಡವ ಅಂತು. ಅಪ್ಪ ಸುಮ್ಮನ ಸ್ಪ್ರೇ ಬಾಟಲಿ ಎತ್ತಿ ನೀರು ಹೊಡದ್ರು, ತಟಕ್ನ ತಿಳಿ ಆತು, ಒಳಗಿನ ರಿಫ್ಲೆಕ್ಟರ್ ಹೊಳೀತು, ನೀರು ಒಣಗಿದ್ಹಂಗ ಮತ್ತ ಬೆಳ್ಳಗ. ಗೀರಿನ ಸಂದಿಯೊಳಗ ನೀರು ತುಂಬಿ ಮುಖ ಸಪಾಟ ಆದ್ರ ಬೆಳಕು ಚದುರೂದು ನಿಲ್ತೈತಿ, ಲ್ಯಾಕರ್ ಮಾಡೂದೂ ಇದ ಕೆಲಸ, ಒಣಗಿದ ಮ್ಯಾಲೂ ಅಲ್ಲೇ ಕುಂತಿರ್ತೈತಿ ಅಷ್ಟ.

ಬಲಗಡಿದೂ ಮುಗಿಯೋದ್ರಾಗ ಹನ್ನೊಂದು ದಾಟಿತ್ತು. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರಸಿ, ಆಮ್ಯಾಲ ಬೆರಳು ಸೈತ ಮುಟ್ಟಿಸಲಿಲ್ಲ. ಸ್ಪ್ರೇ ನಾ ತರಿಸಿದ್ದು 2ಕೆ ಕ್ಲಿಯರ್ ಕೋಟ್, ಅಂದ್ರ ಎರಡು ಭಾಗ ಕೂಡಿ ಗಟ್ಟಿ ಆಗೋ ಲ್ಯಾಕರ್, ಕ್ಯಾನಿನ ತಳದ ಗುಂಡಿ ಒತ್ತಿದ್ರ ಒಳಗ ಅದನ್ನ ಗಟ್ಟಿ ಮಾಡೋ ಹಾರ್ಡನರ್ ಕೂಡ್ತೈತಿ, ಒಮ್ಮೆ ಕೂಡ್ತಂದ್ರ ಇಟ್ಟು ಮುಂದಿನ ವಾರ ಬಳಸೋ ಮಾತಿಲ್ಲ. ಯುವಿ ತಡೆಯೋದು ಅಂತ ಡಬ್ಬಿ ಮ್ಯಾಲ ಬರದದ್ದನ್ನ ನೋಡೇ ತಗೊಂಡಿದ್ದೆ. ಇಲ್ಲೊಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಆ ಹಾರ್ಡನರ್‌ನ್ಯಾಗ ಐಸೋಸೈಯನೇಟ್ ಇರ್ತೈತಿ, ಪುಪ್ಪುಸಕ್ಕ ಹತ್ತಿದ್ರ ಅಸ್ತಮಾ ಬರಸೋ ಅಂಥಾದ್ದು, ಮೂಗಿಗೆ ಅರಿವಿ ಕಟ್ಕೊಂಡು ಇದನ್ನ ಮಾಡಬ್ಯಾಡ್ರಿ. ಗದಗ ಹುಡುಗನ ಕಡಿಂದ ಕಾರ್ಟ್ರಿಜ್ ಇರೋ ಮಾಸ್ಕ್ ಈಸ್ಕೊಂಡೆ, ಕೈಗವಸು, ಕಣ್ಣಿಗೆ ಗಾಗಲ್, ಅಪ್ಪನ್ನ ಮಗಳನ್ನ ಒಳಗ ಕಳಿಸಿದೆ, ಮ್ಯಾಲಿನ ಮನಿ ಆಂಟಿಗೆ ಹೇಳಿ ಒಣಗ್ ಹಾಕಿದ ಬಟ್ಟಿ ತಗಸಿದೆ, ಕಿಡಕಿ ಮುಚ್ಚಿಸಿದೆ.

ಒಂದು ಗೇಣು ದೂರದಿಂದ ಮೊದಲನೇದು ತೆಳ್ಳಗ, ಇಬ್ಬನಿ ಬಿದ್ದಂಗ. ಹತ್ತು ನಿಮಿಷ ಬಿಟ್ಟು ಎರಡನೇದು ತುಂಬಾ. ಆ ಎರಡನೇ ಕೋಟ್ ಎಡದಿಂದ ಬಲಕ್ಕ ಎಳ್ಯಾಕತ್ತಿದಾಗ, ಹಾಲಿನಂಗಿದ್ದ ಮುಖ ಕ್ಯಾನಿನ ಹಿಂದ ಹಿಂದನ ತಿಳಿಯಾಗ್ತಾ ಬಂತು, ಬಲ್ಬಿನ ಗಾಜು, ಅದರ ತುದಿಯ ಕಪ್ಪು ಟೊಪ್ಪಿಗಿ, ರಿಫ್ಲೆಕ್ಟರಿನ ಮಡಿಕಿ, ಒಂದೊಂದ ಕಾಣಾಕತ್ವು. ಕಿಡಕಿ ಗಾಜಿನ ಹಿಂದ ಅಪ್ಪ ನಿಂತು ನೋಡ್ತಿದ್ರು, ಕೈ ಎತ್ತಿ ತೋರಿಸಿದೆ. ಕೆಳಗಿನ ಅಂಚಿಗೆ ಒಂದು ಹನಿ ಇಳದು ನಿಂತೈತಿ, ಈಗೂ ಐತಿ, ಬೆಳಕಿಗೆ ಅದರಿಂದ ಏನೂ ಆಗಂಗಿಲ್ಲ. ಸಂಜೀ ತನಕ ಗಾಡಿ ಮುಟ್ಟಲಿಲ್ಲ, ಪೂರಾ ಗಟ್ಟಿ ಆಗಾಕ ಇನ್ನೂ ದಿನ ಬೇಕು ಅಂತ ಒಂದು ವಾರ ನೀರೂ ಹಾಕಲಿಲ್ಲ. ಒಟ್ಟು ಖರ್ಚು ಎರಡು ಸಾವಿರದ ಒಳಗ.

ರಾತ್ರಿ ಎಂಟಕ್ಕ ಮತ್ತ ಅದ ಜಾಗದಾಗ, ಹತ್ತು ಹೆಜ್ಜಿ ದೂರ. ಸ್ವಿಚ್ ತಿರುವಿದೆ. ಚಿರೆ ಕಲ್ಲಿನ ಸಣ್ಣ ಸಣ್ಣ ತೂತು ಸೈತ ಎಣಿಸಬಹುದಿತ್ತು, ಮ್ಯಾಲ ಕತ್ತಲಿ, ಕೆಳಗ ಬೆಳಕು, ನಡುವ ಚಾಕುವಿಲೆ ಕೊಯ್ದಂಥಾ ಗೆರಿ, ಎಡಕ್ಕ ಏರಿ ಹೋಗಿತ್ತು. ಬಲಗಡಿಂದು ನಾಕು ಬೆರಳು ಕೆಳಗಿಳದಿತ್ತು, ಎಷ್ಟು ವರ್ಷದಿಂದ ಹಂಗಿತ್ತೋ, ಮೋಡದಾಗ ಯಾರಿಗೆ ಗೊತ್ತಾಗಬೇಕು. ಅಪ್ಪ ಗ್ವಾಡಿ ಹತ್ರ ನಿಂತು "ಇನ್ನಷ್ಟು, ಇನ್ನಷ್ಟು, ಸಾಕು" ಅನ್ನೋ ತನಕ ಹಿಂದಿನ ಸ್ಕ್ರೂ ತಿರುವಿ ಸಮ ಮಾಡಿದೆ. ಆಮ್ಯಾಲ ಅವರು ಮಗಳ ಡಬ್ಬಿಯಿಂದ ಚಾಕ್‌ಪೀಸ್ ತರಿಸಿ, ಬೆಳಕಿನ ಗೆರಿ ಗುಂಟ ಗ್ವಾಡಿ ಮ್ಯಾಲ ಒಂದು ಗೆರಿ ಎಳದ್ರು.

ಡಿಸೆಂಬರ್‌ನ್ಯಾಗ ಅವರನ್ನ ಊರಿಗೆ ಬಿಡಾಕ ರಾತ್ರಿನ ಹೊಂಟ್ವಿ. ಮೊಲೆಂ ದಾಟಿ ಘಟ್ಟ ಹತ್ತೂವಾಗ ಅಪ್ಪ ಸೀಟಿನ್ಯಾಗ ಮುಂದ ಬಾಗಿ ಕುಂತಿದ್ರು, ಮೂರನೇ ತಿರುವಿನ್ಯಾಗ ಹಿಂದಕ್ಕ ಒರಗಿದ್ರು, ಅನಮೋಡ ಬರೂದ್ರಾಗ ನಿದ್ದಿ ಹತ್ತಿತ್ತು.